ಕಾಲುವೆ ದಂಡೆ, ಹಳೇ ರೈಲು ದಾರಿ, ಸುಣ್ಣದಕಲ್ಲಿನ ಬಯಲು: ದಕ್ಷಿಣ ಫ್ರಾನ್ಸಿನ ಮೂರು ಗ್ರಾವೆಲ್ ದಾರಿಗಳು

"ಚಿಕ್ಕಿ, ನನ್ನ ಹತ್ರ ಒಂಬತ್ತು ದಿನ ಇದೆ. ಸೈಕಲ್ ತರ್ತೀನಿ. ಯಾವ ದಾರಿ ಹಿಡಿಯೋದು ಹೇಳು" ಅಂತ ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿದ. ವಾರಕ್ಕೊಮ್ಮೆ ನಂದಿ ಬೆಟ್ಟ ಹತ್ತಿ ಇಳಿಯುವ ಹುಡುಗ. ಈಗ ಹೊಸದಾಗಿ ಗ್ರಾವೆಲ್ ಬೈಕ್, ಅಂದರೆ ಮಣ್ಣು, ಜಲ್ಲಿ ದಾರಿಯಲ್ಲೂ ಓಡುವ ಅಗಲ ಟೈರಿನ ಸೈಕಲ್ ಕೊಂಡಿದ್ದಾನೆ. ಫೋನಿನಲ್ಲಿ ಹೇಳಲು ಹೊರಟರೆ ಒಂದು ಗಂಟೆ ಆದರೂ ಮುಗಿಯಲಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಇಲ್ಲಿಗೆ ಬರುವ ಬೇರೆಯವರಿಗೂ ಉಪಯೋಗವಾಗಲಿ.

ನಾನು ಟುಲೂಸಿಗೆ ಬಂದು ಏಳು ವರ್ಷವಾಯಿತು. ಇಲ್ಲಿಂದ ರೈಲಿನಲ್ಲಿ ಸುಲಭವಾಗಿ ಮುಟ್ಟಬಹುದಾದ ಮೂರು ದಾರಿಗಳನ್ನು ಪೂರ್ತಿ ತುಳಿದಿದ್ದೇನೆ. ಒಂದು, ಕನಾಲ್ ದ್ಯು ಮಿದಿ ಎಂಬ ಕಾಲುವೆಯ ದಂಡೆ. ಟುಲೂಸಿನಿಂದ ಮೆಡಿಟರೇನಿಯನ್ ಕಡಲಿನ ಪಕ್ಕದ ತೋ ಹಿನ್ನೀರಿನವರೆಗೆ 240 ಕಿ.ಮೀ. ಎರಡು, ಪಾಸಾ ಪಾಯಿಸ್. ಮಜಾಮೆಯಿಂದ ಬೆದಾರಿಯವರೆಗೆ ಹಳೇ ರೈಲು ಹಳಿ ಕಿತ್ತು ಮಾಡಿದ ಸುಮಾರು 80 ಕಿ.ಮೀ. ದಾರಿ. ಮೂರು, ಓಬ್ರಾಕ್ ಎಂಬ ಎತ್ತರದ ಹುಲ್ಲುಗಾವಲಿನಿಂದ ಕೋಸ್ ಎಂಬ ಸುಣ್ಣದಕಲ್ಲಿನ ಬಯಲುಗಳನ್ನು ದಾಟಿ ಮೇರ್ಯುಯೆಸ್ ಎಂಬ ಸಣ್ಣ ಊರಿಗೆ ಇಳಿಯುವ ದಾರಿ. ಇದು ನಾನೇ ನಕ್ಷೆ ನೋಡಿ ಜೋಡಿಸಿಕೊಂಡದ್ದು, ನನ್ನ ಮೀಟರಿನಲ್ಲಿ 158 ಕಿ.ಮೀ. ಬಂತು. ಮೊದಲ ದಾರಿಗೆ ಎಲ್ಲೆಡೆ ಹೆಸರು. ಎರಡನೆಯದು ಸುತ್ತಲಿನವರಿಗೆ ಗೊತ್ತು. ಮೂರನೆಯದಕ್ಕೆ ಹೆಸರೇ ಇಲ್ಲ.

ಫೋಟೋ ನೋಡಿ ದಾರಿ ಆರಿಸಬೇಡಿ. ಮೂರೂ ಫೋಟೋದಲ್ಲಿ ಚೆನ್ನಾಗಿವೆ. ಗ್ರಾವೆಲ್ ಬೈಕಿಗೆ ಮುಖ್ಯ ಕಾಲಡಿಯ ನೆಲ. ಅದು ಜೇಡಿಯೋ, ಗರಸೋ, ಸುಣ್ಣದಕಲ್ಲೋ ಎನ್ನುವುದರ ಮೇಲೆ ನಿಮ್ಮ ಟೈರು, ನಿಮ್ಮ ವೇಗ, ನಿಮ್ಮ ನೀರಿನ ಬಾಟ್ಲಿ, ಸಂಜೆಯ ಮನಸ್ಸು ಎಲ್ಲವೂ ನಿಂತಿದೆ. ನನಗೆ ಇದು ತಿಳಿಯಲು ಮೂರು ವರ್ಷ ಬೇಕಾಯಿತು.

ನೆಲ

ಕಾಲುವೆಯಿಂದ ಶುರು ಮಾಡುತ್ತೇನೆ. ಟುಲೂಸಿನಿಂದ ಹೊರಟರೆ ಮೊದಲ ಸುಮಾರು 50 ಕಿ.ಮೀ. ನುಣುಪಾದ ಟಾರು. ಮಕ್ಕಳು, ನಾಯಿ, ಓಡುವವರು, ಎಲ್ಲರೂ ಅಲ್ಲೇ. ಹಿತವಾಗಿದೆ, ಆದರೆ ಗ್ರಾವೆಲ್ ಬೈಕಿನ ಅಗತ್ಯವೇ ಇಲ್ಲ. ಪೋರ್ ಲೊರಾಗೆ ಎಂಬ ದೋಣಿ ತಂಗುದಾಣ ದಾಟಿದ ಮೇಲೆ ನಾನು ಹೋದಾಗ ದಾರಿ ಸಣ್ಣದಾಗುತ್ತಾ ಹೋಯಿತು. ಕೆಲವು ಕಡೆ ಹೊಸದಾಗಿ ಜಲ್ಲಿಪುಡಿ ಹಾಕಿ ಗಟ್ಟಿ ಮಾಡಿದ್ದರು. ಉಳಿದ ಕಡೆ ಹುಲ್ಲಿನ ನಡುವೆ ಒಂದೇ ಒಂದು ಗೆರೆ, ಅದರ ಅಡ್ಡಕ್ಕೆ ದಂಡೆಗುಂಟ ಸಾಲಾಗಿ ನೆಟ್ಟ ಪ್ಲೇನ್ ಎಂಬ ಜಾತಿಯ ಮರಗಳ ಬೇರು. ಒಂದು ಬೇರು ಬಂದರೆ ಪರವಾಗಿಲ್ಲ. ಹತ್ತು ಮೀಟರಿಗೆ ಒಂದರಂತೆ ಗಂಟೆಗಟ್ಟಲೆ ಬಂದರೆ? ಕಾರ್ಕಾಸೊನ್ ಪಟ್ಟಣ ಮುಟ್ಟುವಷ್ಟರಲ್ಲಿ ನನ್ನ ಅಂಗೈ ಮರಗಟ್ಟಿತ್ತು. 40 ಮಿ.ಮೀ. ಟೈರಿನಲ್ಲಿ ಗಾಳಿ ಕಮ್ಮಿ ಮಾಡಿ 30 ಪಿಎಸ್‌ಐಗೆ ಇಳಿಸಿದ ಮೇಲೆ ಸ್ವಲ್ಪ ತಡೆದುಕೊಳ್ಳುವಂತಾಯಿತು.

ಮಳೆ ಬಂದರೆ ಬೇರೆ ಕತೆ. ಲೊರಾಗೆ ಪ್ರದೇಶದ ಮಣ್ಣು ಜೇಡಿ. ನಮ್ಮ ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಮಳೆಗಾಲದಲ್ಲಿ ಸೈಕಲ್ ಹೊಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಚಕ್ರಕ್ಕೆ ಮೆತ್ತಿಕೊಂಡು, ಫೋರ್ಕಿನ ಸಂದಿಯಲ್ಲಿ ತುಂಬಿಕೊಂಡು, ಕೊನೆಗೆ ಚಕ್ರ ತಿರುಗುವುದೇ ಇಲ್ಲ. ಕಡ್ಡಿ ಹಿಡಿದು ಕೆರೆಯುತ್ತಾ ಕೂತಿದ್ದೆ.

ಇದರ ಜೊತೆಗೆ ಗಾಳಿ. ಆಗ್ನೇಯದಿಂದ ಬೀಸುವ ಓತಾಂ ಎಂಬ ಗಾಳಿ ಈ ಬಯಲಿನಲ್ಲಿ ಪ್ರಸಿದ್ಧ. ಮನುಷ್ಯರಿಗೆ ಹುಚ್ಚು ಹಿಡಿಸುತ್ತದೆ ಎಂದು ಇಲ್ಲಿನವರು ಹೇಳುತ್ತಾರೆ. ನಾನು ಮೇ ತಿಂಗಳಲ್ಲಿ ಎರಡು ದಿನ ಅದಕ್ಕೆ ಎದುರಾಗಿ ತುಳಿದೆ. ಸಮತಟ್ಟು ನೆಲದಲ್ಲಿ ಗಂಟೆಗೆ 11 ಕಿ.ಮೀ. ಮೂರನೇ ದಿನ ಗಾಳಿ ತಿರುಗಿತು. ಪಶ್ಚಿಮದ ಕಡೆಯ ಸೆರ್ಸ್ ಗಾಳಿ ಬೆನ್ನಿಗೆ ಬಂದು, ಅದೇ ಕಾಲುಗಳು 23ರಲ್ಲಿ ಓಡಿದವು. ಹಾಗಾಗಿ ಕಾಲುವೆಗೆ ಹೋಗುವವರು ಗಾಳಿಯ ಮುನ್ಸೂಚನೆ ನೋಡಿಯೇ ದಿನ ಗೊತ್ತು ಮಾಡಿ.

ಮರಗಳ ವಿಷಯ ಹೇಳಲೇಬೇಕು. ಫೋಟೋಗಳಲ್ಲಿ ಕಾಣುವ ಆ ಹಸಿರು ಚಪ್ಪರ ಈಗ ಎಲ್ಲ ಕಡೆ ಇಲ್ಲ. ಪ್ಲೇನ್ ಮರಗಳಿಗೆ ಒಂದು ಶಿಲೀಂಧ್ರ ರೋಗ ಬಂದಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಿಂದ ಬಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಅದು ಯುರೋಪಿಗೆ ಬಂತು ಎನ್ನುತ್ತಾರೆ. ಕಾಲುವೆಯ ಮೇಲೆ 2006ರಲ್ಲಿ ಕಾಣಿಸಿಕೊಂಡಿತು. ಔಷಧಿ ಇಲ್ಲ, ಕಡಿದು ಸುಡುವುದೊಂದೇ ದಾರಿ. ಸುಮಾರು 42,000 ಮರಗಳಿದ್ದ ಸಾಲಿನಲ್ಲಿ ಸಾವಿರ ಸಾವಿರ ಮರಗಳು ಹೋಗಿವೆ. ಬೇರೆ ಬೇರೆ ಜಾತಿಯ ಸಸಿ ನೆಟ್ಟಿದ್ದಾರೆ, ಆದರೆ ಅವು ನೆರಳು ಕೊಡಲು ಇನ್ನೂ ವರ್ಷಗಳು ಬೇಕು. ಕಾರ್ಕಾಸೊನ್ ಆಚೆ ಬೋಳು ದಂಡೆಯ ಮೇಲೆ ತುಳಿಯುವಾಗ ಹೊಟ್ಟೆಯಲ್ಲಿ ಏನೋ ಸಂಕಟ. ನಮ್ಮ ಕಡೆ ಸಾಲುಮರ ಕಡಿದ ಹೆದ್ದಾರಿಯಲ್ಲಿ ಹೋಗುವಾಗ ಆಗುವ ಸಂಕಟವೇ ಅದು.

ಹಾಗಂತ ಕಾಲುವೆಯನ್ನು ತಳ್ಳಿಹಾಕಬೇಡಿ. ಅದರ ಒಳ್ಳೆಯ ಗ್ರಾವೆಲ್ ಬೇರೆ ಕಡೆ ಇದೆ. ಪಿಯೆರ್-ಪೋಲ್ ರಿಕೆ ಎಂಬವನು ಈ ಕಾಲುವೆ ತೋಡಿಸಲು ಹೊರಟಾಗ ಅವನ ಮುಂದಿದ್ದ ಪ್ರಶ್ನೆ ಒಂದೇ: ಕಾಲುವೆ ನಡುವಿನಲ್ಲಿ 189 ಮೀಟರ್ ಎತ್ತರದ ನೊರೂಜ್ ದಿಣ್ಣೆಯನ್ನು ದಾಟಬೇಕು, ಅಷ್ಟು ಎತ್ತರಕ್ಕೆ ನೀರು ಎಲ್ಲಿಂದ ತರುವುದು? ಪಕ್ಕದ ಮೊಂತಾಞ್ ನ್ವಾರ್, ಅಂದರೆ ಕಪ್ಪು ಬೆಟ್ಟದ ಹಳ್ಳಗಳ ನೀರನ್ನು ತಿರುಗಿಸಿ, ಸೇಂ-ಫೆರೆಯೋಲ್ ಎಂಬಲ್ಲಿ ದೊಡ್ಡ ಕಟ್ಟೆ ಕಟ್ಟಿಸಿ, ಅಲ್ಲಿಂದ ಸಣ್ಣ ನಾಲೆಯಲ್ಲಿ ನೊರೂಜಿಗೆ ಹರಿಸಿದ. ನೊರೂಜಿನಲ್ಲಿ ಆ ನೀರು ಎರಡಾಗುತ್ತದೆ. ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ. ಕೆಲಸ 1666ರಲ್ಲಿ ಗೊತ್ತಾಗಿ 1681ರಲ್ಲಿ ಮುಗಿಯಿತು. ರಿಕೆ ಅದನ್ನು ನೋಡಲು ಇರಲಿಲ್ಲ, 1680ರಲ್ಲೇ ತೀರಿಕೊಂಡಿದ್ದ.

ಆ ಸಣ್ಣ ನಾಲೆಯ ಹೆಸರು ರಿಗೋಲ್ ದ ಲಾ ಪ್ಲೇನ್. ರೆವೆಲ್ ಊರಿನ ಹತ್ತಿರದಿಂದ ನೊರೂಜಿನವರೆಗೆ ಹೊಲಗಳ ನಡುವೆ ಸುತ್ತಿ ಸುತ್ತಿ ಬರುತ್ತದೆ. ನೀರು ತನ್ನಷ್ಟಕ್ಕೆ ಹರಿಯಬೇಕಲ್ವಾ, ಹಾಗಾಗಿ ದಾರಿಗೂ ಏರು ಅನ್ನುವುದೇ ಇಲ್ಲ. ಪಕ್ಕದಲ್ಲಿ ಮಣ್ಣಿನ ಹಾದಿ. ಮೇಲೆ ಮರಗಳ ನೆರಳು, ಕೆಳಗೆ ಒಣ ಎಲೆ. ದೋಣಿ ಇಲ್ಲ, ಜನ ಇಲ್ಲ. ಅಕ್ಟೋಬರಿನಲ್ಲಿ ಅಲ್ಲಿ ಹೋದ ಮಧ್ಯಾಹ್ನವನ್ನು ನಾನು ಮರೆಯುವುದಿಲ್ಲ. ಕಾಸ್ತೆಲ್‌ನೊದಾರಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ರೆವೆಲ್‌ಗೆ ಸುಮಾರು 20 ಕಿ.ಮೀ. ರಸ್ತೆ ತುಳಿದು, ರಿಗೋಲ್ ಹಿಡಿದು ನೊರೂಜಿಗೆ ಬಂದು, ಕಾಲುವೆ ದಂಡೆಯ ಮೇಲೆ ಟುಲೂಸಿಗೆ ವಾಪಸ್. ಒಂದು ದೀರ್ಘ ದಿನ ಅಥವಾ ಆರಾಮದ ಎರಡು ದಿನ. ಕನಾಲ್ ದ್ಯು ಮಿದಿಯ ಹೆಸರಿನಲ್ಲಿ ಗ್ರಾವೆಲ್ ಬೈಕ್ ಹೊರಗೆ ತೆಗೆಯುವುದಾದರೆ ಇದಕ್ಕೆ ತೆಗೆಯಿರಿ.

ಪಾಸಾ ಪಾಯಿಸ್ ನೆಲದ ಬಗ್ಗೆ ಹೆಚ್ಚು ಹೇಳುವಂಥದ್ದು ಇಲ್ಲ, ಅದೇ ಅದರ ಒಳ್ಳೆಯ ಗುಣ. ಸಣ್ಣ ಜಲ್ಲಿಪುಡಿ ಹಾಕಿ ರೋಲರ್ ಹೊಡೆದ ದಾರಿ. ಮಳೆ ಬಂದರೂ ನೀರು ನಿಲ್ಲುವುದಿಲ್ಲ. 35 ಮಿ.ಮೀ. ಟೈರು ಸಾಕು. ಉಗಿಬಂಡಿ ಹತ್ತುತ್ತಿದ್ದ ಏರನ್ನು ನಿಮ್ಮ ಕಾಲೂ ಹತ್ತುತ್ತದೆ, ಗೊತ್ತೇ ಆಗುವುದಿಲ್ಲ. ಕೂರ್ನಿಯೂ ಎಂಬ ಊರಿನ ಹತ್ತಿರ ಒಂದು ಉದ್ದದ ಸುರಂಗವಿದೆ, ಸೆಕೆಯ ದಿನದಲ್ಲೂ ಒಳಗೆ ಚಳಿ. ಅದರ ಆ ಕಡೆ ಅಟ್ಲಾಂಟಿಕ್‌ಗೆ ಹರಿಯುವ ಹಳ್ಳಗಳು, ಈ ಕಡೆ ಮೆಡಿಟರೇನಿಯನ್‌ಗೆ ಹರಿಯುವವು. ಸುರಂಗದ ಒಂದು ಬಾಯಿಯಲ್ಲಿ ಫರ್ನ್ ಗಿಡ, ತೇವ, ಮೋಡ. ಇನ್ನೊಂದು ಬಾಯಿಯಿಂದ ಹೊರಬಂದು ಸ್ವಲ್ಪ ಇಳಿದರೆ ಬಿಸಿಲು, ದ್ರಾಕ್ಷಿ, ಆಲಿವ್. ಆಗುಂಬೆಯ ಮೇಲಿನಿಂದ ಕೆಳಗಿಳಿದರೆ ಹವೆ ಬದಲಾಗುವ ಹಾಗೆ, ಇಲ್ಲಿ ಎಲ್ಲ ಒಂದೇ ಗಂಟೆಯಲ್ಲಿ ಬದಲಾಗುತ್ತದೆ.

ನಾನು ಏಪ್ರಿಲ್ ಮೊದಲ ವಾರ ಹೋಗಿದ್ದೆ. ಒಲಾರ್ಗ್ ಸುತ್ತಮುತ್ತ ಚೆರ್ರಿ ತೋಟಗಳೆಲ್ಲ ಬಿಳೀ ಹೂವು. ಒಲಾರ್ಗ್ ಗುಡ್ಡದ ಮೇಲೆ ಕೂತ ಹಳೇ ಊರು, ಕೆಳಗೆ ಜೋರ್ ಹೊಳೆ, ಅದರ ಮೇಲೆ ಬಾಗಿದ ಕಲ್ಲು ಸೇತುವೆ. ಸುಮ್ನೆ ಸೇತುವೆಯ ಮೇಲೆ ಕೂತು ಬ್ರೆಡ್ ತಿಂದೆ. ಸ್ವಲ್ಪ ಮುಂದೆ ಎರಿಕ್ ಕಣಿವೆ ಸಿಗುತ್ತದೆ, ಅಲ್ಲಿ ಸೈಕಲಿಗೆ ಬೀಗ ಹಾಕಿ ನಡೆದು ಹೋಗಿ. ಬಂಡೆಗಳ ನಡುವೆ ಹಸಿರು ನೀರಿನ ಗುಂಡಿಗಳು.

ಒಂದು ಕೊರತೆ ಇದೆ. ಎರಡನೇ ದಿನದ ಹೊತ್ತಿಗೆ ಬರೀ ರೈಲು ದಾರಿ ಬೇಜಾರು ತರಿಸುತ್ತದೆ. ತಿರುವು ಇಲ್ಲ, ಏರಿಳಿತ ಇಲ್ಲ, ಹ್ಯಾಂಡಲ್ ಹಿಡಿದು ಕೂತರೆ ಸಾಕು. ಮದ್ದು ಏನೆಂದರೆ ಸೇಂ-ಪೋನ್ಸ್ ಕಡೆಯಿಂದ ಸೊಮಾಯ್ ಬೆಟ್ಟಕ್ಕೆ ಹತ್ತುವ ಕಾಡಿನ ದಾರಿಗಳು. ಮರ ಸಾಗಿಸುವ ಲಾರಿಗಳಿಗೆ ಮಾಡಿದ ಅಗಲವಾದ ಜಲ್ಲಿ ದಾರಿ, ಬೀಚ್ ಮರಗಳ ನಡುವೆ. ಮೇಲೆ ವೆಜೋಲ್ ಎಂಬ ಜಲಾಶಯ. ಅರ್ಧ ದಿನದ ಏರು, ಬೆವರು ಕಿತ್ತು ಬರುತ್ತದೆ. ಆದರೆ ಈ ಏರು ಸೇರಿದರೆ ಮಾತ್ರ ಪಾಸಾ ಪಾಯಿಸ್ ನಿಜವಾದ ಗ್ರಾವೆಲ್ ಪ್ರವಾಸ ಆಗುತ್ತದೆ.

ಈಗ ಮೂರನೆಯದು. ಇದರಲ್ಲಿ ಮೂರು ಬಗೆಯ ನೆಲ ಸಿಗುತ್ತದೆ.

ಓಮೋಂ-ಓಬ್ರಾಕ್ ನಿಲ್ದಾಣದಲ್ಲಿ ಇಳಿದಾಗ ನೀವು ಆಗಲೇ ಸಾವಿರ ಮೀಟರ್ ಎತ್ತರದಲ್ಲಿರುತ್ತೀರಿ. ಅಲ್ಲಿಂದ ನಾಸ್ಬಿನಾಲ್‌ವರೆಗೆ ಗ್ರಾನೈಟ್ ನೆಲ. ಗ್ರಾನೈಟ್ ಕರಗಿ ಆದ ಗರಸು ಮರಳು, ಅದರ ಮೇಲೆ ಟೈರು ಹೋಗುವ ಸದ್ದು ಕೇಳುವುದೇ ಸುಖ. ಅಲ್ಲಲ್ಲಿ ಆನೆಗಳ ಹಾಗೆ ಕೂತ ಬಂಡೆಗಳು. ಸ್ಪೇನಿನ ಸಾಂತ್ಯಾಗೋ ಎಂಬ ಕ್ರೈಸ್ತ ಯಾತ್ರಾಸ್ಥಳದ ಕಡೆಗೆ ಹೋಗುವ ಯಾತ್ರಿಕರ ಕಾಲುದಾರಿಯೂ ಇದೇ ಊರುಗಳನ್ನು ಹಾದು ಹೋಗುತ್ತದೆ. ಬೆನ್ನ ಮೇಲೆ ಚೀಲ ಹೊತ್ತ ನಡಿಗೆಯವರು ಸಿಕ್ಕರೆ ದೂರದಿಂದಲೇ ಗಂಟೆ ಬಾರಿಸಿ, ನಿಧಾನ ಮಾಡಿ, ಬೋಂಜೂರ್ ಹೇಳಿ.

ನಾಸ್ಬಿನಾಲ್ ಆಚೆ ಬಸಾಲ್ಟ್, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲು. ಇದ್ದಕ್ಕಿದ್ದಂತೆ ಮರಗಳು ಮುಗಿದು ಬರೀ ಹುಲ್ಲು ಮತ್ತು ಆಕಾಶ. ಕಲ್ಲು ಪೇರಿಸಿದ ಗೋಡೆಗಳು, ದೂರದೂರಕ್ಕೆ ಬ್ಯುರೋಂ ಎಂಬ ಕಲ್ಲಿನ ಗುಡಿಸಲು. ಹಿಂದೆ ಬೇಸಿಗೆಯಲ್ಲಿ ದನಗಳ ಜೊತೆ ಮೇಲೆ ಬಂದ ಗೊಲ್ಲರು ಅದರೊಳಗೆ ಚೀಸ್ ಮಾಡುತ್ತಿದ್ದರು. ಓಬ್ರಾಕ್ ಹಸುಗಳ ಮೈ ಗೋಧಿ ಬಣ್ಣ, ಕಣ್ಣಿನ ಸುತ್ತ ಕಪ್ಪು. ಮಗುವಿಗೆ ಕಾಡಿಗೆ ಹಚ್ಚಿ ಕೂರಿಸಿದ ಹಾಗೆ ಕಾಣುತ್ತವೆ. ನಾನು ಜೂನ್ ಮೊದಲ ವಾರ ಹೋಗಿದ್ದೆ. ಬಯಲು ತುಂಬ ಬಿಳಿ ನಾರ್ಸಿಸಸ್ ಹೂವು. ಬಾಚಣಿಗೆಯಂಥ ಹಲ್ಲಿರುವ ಸಾಧನದಲ್ಲಿ ಬಾಚಿ ಕೊಯ್ದು ಸುಗಂಧ ಮಾಡುವವರಿಗೆ ಕಳಿಸುತ್ತಾರೆ. ಗಾಳಿ ಬಂದಾಗಲೆಲ್ಲ ಆ ವಾಸನೆ. ಮಾರ್ಷಾಸ್ತೆಲ್ ದಾಟಿ ಸೇಂ-ಆಂದೆಯೋಲ್ ಸರೋವರದ ದಂಡೆಯಲ್ಲಿ ಒಂದು ಗಂಟೆ ಕೂತುಬಿಟ್ಟೆ. ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

ಇಲ್ಲಿ ಕಷ್ಟ ಬರುವುದು ಗೇಟುಗಳ ಹತ್ತಿರ. ದನ ನಿಂತು ತುಳಿದು ತುಳಿದು ಗೇಟಿನ ಬುಡ ಕೆಸರಾಗಿರುತ್ತದೆ. ಇಳಿದು ಸೈಕಲ್ ಹೊತ್ತು ದಾಟುವುದೇ ಒಳ್ಳೆಯದು. ಕರೆಂಟ್ ತಂತಿಗೆ ಪ್ಲಾಸ್ಟಿಕ್ ಹಿಡಿಕೆ ಇರುತ್ತದೆ, ಅದನ್ನೇ ಹಿಡಿದು ತೆಗೆಯಿರಿ, ದಾಟಿದ ಕೂಡಲೇ ಹಾಕಿ. ಕರುಗಳಿರುವ ಹಿಂಡಿನ ನಡುವೆ ಹೋಗಬೇಡಿ, ಸುತ್ತು ಹಾಕಿ.

ಬೋನ್‌ಕೋಂಬ್ ಕಣಿವೆದಾರಿಯಿಂದ ಲಾ ಕನೂರ್ಗ್‌ಗೆ ಉದ್ದನೆಯ ಇಳಿತ. ಮರುದಿನ ಬೆಳಿಗ್ಗೆ ಏರಿದರೆ ಕೋಸ್ ದ ಸೋವ್‌ತೇರ್. ಸುಣ್ಣದಕಲ್ಲಿನ ಲೋಕ ಶುರುವಾಗುವುದು ಇಲ್ಲಿಂದ. ದಾರಿ ಬೆಳ್ಳಗೆ, ಬಿಸಿಲಿನಲ್ಲಿ ಕಣ್ಣು ಕೋರೈಸುತ್ತದೆ. ಕಲ್ಲುಗಳು ಚೂಪು. ಗ್ರಾನೈಟ್ ಗರಸಿನ ಹಾಗೆ ಉರುಳುವುದಿಲ್ಲ, ಅಲುಗಿನ ಹಾಗೆ ನಿಂತಿರುತ್ತವೆ. ಹನ್ನೊಂದು ಗಂಟೆ ಹೊತ್ತಿಗೆ ಹಿಂದಿನ ಟೈರಿನ ಪಕ್ಕ ಒಂದೂವರೆ ಸೆಂಟಿಮೀಟರ್ ಸೀಳಿತು. ತೂತು ತಾನೇ ಮುಚ್ಚಲಿ ಎಂದು ಟ್ಯೂಬ್ ಇಲ್ಲದ ಟೈರಿನೊಳಗೆ ಹಾಕುವ ಸೀಲೆಂಟ್ ದ್ರವ ಹಾಲಿನ ಹಾಗೆ ಚಿಮ್ಮಿತು, ನಿಲ್ಲಲಿಲ್ಲ. ಟ್ಯೂಬ್ ಹಾಕಿದರೆ ಸೀಳಿನಿಂದ ಅದು ಹೊರಗೆ ಉಬ್ಬುತ್ತಿತ್ತು. ಚೀಲದಲ್ಲಿದ್ದ ಚಟ್ನಿಪುಡಿಯ ದಪ್ಪ ಪ್ಯಾಕೆಟ್ಟಿನಿಂದ ಒಂದು ತುಂಡು ಕತ್ತರಿಸಿ, ಎರಡು ಮಡಿಕೆ ಮಾಡಿ, ಟೈರಿನ ಒಳಗಡೆ ಸೀಳಿನ ಮೇಲೆ ಇಟ್ಟೆ. ಅದರ ಮೇಲೆ ಟ್ಯೂಬ್. ಗಾಳಿ ಸ್ವಲ್ಪ ಕಮ್ಮಿ. ಆ ತುಂಡು ಮಿಯೋ ಪಟ್ಟಣದವರೆಗೆ ತಡೆಯಿತು.

ಆ ಟೈರು 40 ಮಿ.ಮೀ. ಆಗಿತ್ತು. ಊರಿನ ಅಂಗಡಿಯೊಂದರಲ್ಲಿ "ಕೋಸ್‌ಗೆ ಇದೇ ಸಾಕು" ಅಂದಿದ್ದರು. ಸಾಕಾಗಲಿಲ್ಲ. ಈಗ ನಾನು 45, ಅದೂ ಪಕ್ಕದ ಗೋಡೆ ದಪ್ಪ ಇರುವುದನ್ನೇ ಹಾಕುತ್ತೇನೆ. ತೂಕ ಜಾಸ್ತಿ, ಆದರೂ ನಿಶ್ಚಿಂತೆ.

ಸೋವ್‌ತೇರಿನಿಂದ ತಾರ್ನ್ ಹೊಳೆಯ ಕಮರಿಗೆ, ಸೇಂತ್-ಎನಿಮಿ ಊರಿಗೆ ಇಳಿದು, ಮತ್ತೆ 400 ಮೀಟರಿಗೂ ಹೆಚ್ಚು ಏರಿದರೆ ಕೋಸ್ ಮೆಜಾಂ. ನನ್ನ ಸೈಕಲಿನ ಗೇರಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 40, ಹಿಂದಿನ ಅತಿ ದೊಡ್ಡದಕ್ಕೆ 42 ಹಲ್ಲು. ಸಾಮಾನು ಹೊತ್ತು ಆ ಏರಿಗೆ ಅದು ಸಾಲಲಿಲ್ಲ, ಎರಡು ಕಡೆ ತಳ್ಳಿದೆ. ಮೇಲೆ ಮುಟ್ಟಿದ ಮೇಲೆ ಕಂಡದ್ದನ್ನು ಹೇಗೆ ಹೇಳಲಿ? ಸಾವಿರ ಮೀಟರ್ ಎತ್ತರದಲ್ಲಿ ಹುಲ್ಲಿನ ಸಮುದ್ರ. ಚದರ ಕಿಲೋಮೀಟರಿಗೆ ಇಬ್ಬರು ಮನುಷ್ಯರೂ ಇಲ್ಲ. ನಾಲ್ಕು ಗಂಟೆಯಲ್ಲಿ ಒಂದು ಟ್ರ್ಯಾಕ್ಟರ್ ನೋಡಿದೆ. ತಗ್ಗುಗಳಲ್ಲಿ ಮಾತ್ರ ಕೆಂಪು ಮಣ್ಣು ನಿಂತಿರುತ್ತದೆ, ಅಷ್ಟು ಜಾಗದಲ್ಲಿ ಉಳುತ್ತಾರೆ. ಬಿಳೀ ಕಲ್ಲಿನ ನಡುವೆ ದುಂಡಗಿನ ಹಸಿರು ಹೊಲ. ವಿಲ್ಲಾರೆ ಎಂಬ ಹಳ್ಳಿಯ ಬೇಲಿಯಾಚೆ ಪ್ರೆಜ್ವಾಲ್‌ಸ್ಕಿ ಕುದುರೆಗಳು ಮೇಯುತ್ತಿದ್ದವು. ಮಂಗೋಲಿಯಾದಲ್ಲಿ ಕಾಡಿನಿಂದ ಅಳಿದುಹೋಗಿದ್ದ ಈ ಜಾತಿಯನ್ನು 1993ರಿಂದ ಇಲ್ಲಿ ಬೆಳೆಸಿದರು. 2004ರಲ್ಲಿ ಇಲ್ಲಿಂದಲೇ ಮಂಗೋಲಿಯಾಕ್ಕೆ ವಾಪಸ್ ಕಳಿಸಿದರು. ಗಿಡ್ಡ ಕಾಲು, ನಿಮಿರಿದ ಜೂಲು. ನಾನೂ ಅವೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತೆವು.

ಕೊನೆಯ ದಿನ ಮೇರ್ಯುಯೆಸ್‌ನಿಂದ ಜೋಂತ್ ಕಮರಿಯ ಟಾರು ರಸ್ತೆಯಲ್ಲಿ ಮಿಯೋಗೆ ಇಳಿದೆ, ರೈಲು ಹಿಡಿಯಲು. ತಲೆಯ ಮೇಲೆ ರಣಹದ್ದುಗಳು. ಇಲ್ಲಿ ಪೂರ್ತಿ ಕಣ್ಮರೆಯಾಗಿದ್ದವು. 1981ರಲ್ಲಿ ಮತ್ತೆ ತಂದು ಬಿಟ್ಟರು, ಈಗ ಕಮರಿಯ ತುಂಬ ಅವೇ. ರಾಮನಗರದ ಬೆಟ್ಟಗಳಲ್ಲಿ ರಣಹದ್ದು ಎಷ್ಟು ಕಮ್ಮಿಯಾಗಿವೆ ಎಂದು ಗೊತ್ತಿರುವವರಿಗೆ ಈ ನೋಟ ಎದೆ ತುಂಬುತ್ತದೆ.

ನೀರು, ಊಟ

ಕಾಲುವೆಯ ಮೇಲೆ ಇದರ ಚಿಂತೆ ಬೇಡ. ಹತ್ತು ಹದಿನೈದು ಕಿಲೋಮೀಟರಿಗೆ ಒಂದು ಊರು, ನೀರಿನ ಮಟ್ಟ ಬದಲಿಸಿ ದೋಣಿಗಳನ್ನು ಏರಿಸಿ ಇಳಿಸುವ ಲಾಕ್ ಗೇಟುಗಳ ಪಕ್ಕ ಅಲ್ಲಲ್ಲಿ ಕೆಫೆ. ಪಾಸಾ ಪಾಯಿಸ್‌ನಲ್ಲೂ ಹಳೇ ನಿಲ್ದಾಣಗಳು ಊರಿನ ಪಕ್ಕವೇ ಇವೆ. ಕೋಸ್ ಹಾಗಲ್ಲ. ಸುಣ್ಣದಕಲ್ಲು ಜರಡಿ ಇದ್ದ ಹಾಗೆ, ಬಿದ್ದ ಮಳೆಯೆಲ್ಲ ಒಳಗೆ ಇಳಿದುಹೋಗುತ್ತದೆ. ಮೇಲೆ ಹಳ್ಳವಿಲ್ಲ, ಒರತೆಯಿಲ್ಲ. ಕಲ್ಲು ಹಾಸಿದ ದುಂಡಗಿನ ಹೊಂಡಗಳು ಕಾಣುತ್ತವೆ, ಲಾವೋಞ್ ಅಂತ ಹೆಸರು. ಅದು ಕುರಿಗಳಿಗೆ, ನಮಗಲ್ಲ. ಆ ಕುರಿಗಳ ಹಾಲು ರೋಕ್‌ಫೋರ್ ಚೀಸಿಗೆ ಹೋಗುತ್ತದೆ. ಸೇಂತ್-ಎನಿಮಿ ಬಿಡುವಾಗ ಮೂರು ಲೀಟರ್ ತುಂಬಿಕೊಂಡೆ, ಮೇರ್ಯುಯೆಸ್ ಮುಟ್ಟುವಾಗ ಒಂದು ಗುಟುಕು ಉಳಿದಿತ್ತು. ನಾನು ಹೋದ ದಾರಿಯಲ್ಲಿ ನಡುವೆ ಒಂದು ಅಂಗಡಿಯೂ ಸಿಗಲಿಲ್ಲ.

ಫ್ರಾನ್ಸಿನ ಸೈಕಲ್ ಸವಾರರೆಲ್ಲ ಹೇಳಿಕೊಡುವ ಒಂದು ಮಾತಿದೆ: ನೀರು ಬೇಕಾದರೆ ಸ್ಮಶಾನ ಹುಡುಕು. ಗೋರಿಯ ಹೂಕುಂಡಗಳಿಗೆ ಹಾಕಲು ಅಲ್ಲಿ ನಲ್ಲಿ ಇರುತ್ತದೆ. ಮೊದಲ ಸಲ ನನ್ನ ಕಾಲು ಹಿಂಜರಿಯಿತು. ಸ್ಮಶಾನಕ್ಕೆ ಹೋಗಿ ಬಂದರೆ ಹೊರಗೇ ಸ್ನಾನ ಮಾಡಿ ಒಳಗೆ ಬರುವ ಮನೆಯಲ್ಲಿ ಬೆಳೆದವಳು ನಾನು. ಅಲ್ಲಿ ಒಬ್ಬ ಅಜ್ಜಿ ಹೂವಿಗೆ ನೀರು ಹಾಕುತ್ತಿದ್ದರು. ನನ್ನ ಖಾಲಿ ಬಾಟ್ಲಿ ನೋಡಿ ತಾವೇ ಕರೆದು ನಲ್ಲಿ ತೋರಿಸಿದರು. ಆಮೇಲೆ ಸಂಕೋಚ ಹೋಯಿತು. "ಓ ನೋಂ ಪೊತಾಬ್ಲ್" ಎಂಬ ಫಲಕವಿದ್ದರೆ ಮಾತ್ರ ಕುಡಿಯಬೇಡಿ, ಅದು ಕುಡಿಯುವ ನೀರಲ್ಲ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಓಬ್ರಾಕ್ ಗೆಲ್ಲುತ್ತದೆ. ಆಲೂಗಡ್ಡೆ, ಹಸಿ ಚೀಸ್, ಬೆಣ್ಣೆ, ಬೆಳ್ಳುಳ್ಳಿ ಹಾಕಿ ಎಳೆ ಎಳೆಯಾಗಿ ಬರುವವರೆಗೆ ತಿರುವಿದ ಅಲಿಗೊ. ಜೊತೆಗೆ ಸಾಸೇಜ್ ಕೊಡುತ್ತಾರೆ, ಬೇಡ ಅಂದರೆ ಬಿಡುತ್ತಾರೆ. ದಿನವಿಡೀ ತುಳಿದು ಬಂದವರಿಗೆ ಅದರಷ್ಟು ತೃಪ್ತಿ ಇನ್ನೊಂದಿಲ್ಲ. ಕಾಲುವೆಯ ಕಡೆ ಕಾಸ್ತೆಲ್‌ನೊದಾರಿ ಪಟ್ಟಣದ ಹೆಮ್ಮೆ ಕಸುಲೆ, ಹುರುಳಿಕಾಯಿ ಬೀಜದ ಜೊತೆ ಬಾತುಕೋಳಿ, ಹಂದಿಮಾಂಸ ಹಾಕಿ ಬೇಯಿಸಿದ್ದು. ತಿನ್ನುವವರಿಗೆ ಹಬ್ಬ. ನನಗೆ ಅಲ್ಲಿ ಬ್ರೆಡ್ಡು, ಟೊಮೆಟೊ, ಚೀಸೇ ಗತಿಯಾಯಿತು. ಬೆಣ್ಣೆ ಸವರಿದ ಬಗೆತ್ ಎಂಬ ಉದ್ದನೆಯ ಬ್ರೆಡ್ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ತಿಂದು ನೋಡಿ. ಎರಡೂ ದೇಶದ ಮಾತು ಅಲ್ಲಿ ಕೂಡಿಬರುತ್ತದೆ.

ಮೂರೂ ದಾರಿಗೆ ಒಂದೇ ಎಚ್ಚರಿಕೆ: ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಹಳ್ಳಿಯ ಅಂಗಡಿ ಮುಚ್ಚಿರುತ್ತದೆ. ಸೋಮವಾರ ಬೇಕರಿಗೂ ರಜೆ ಇರುವುದು ಜಾಸ್ತಿ. ಭಾನುವಾರ ಬೆಳಿಗ್ಗೆಯೇ ಎರಡು ದಿನಕ್ಕಾಗುವಷ್ಟು ಬ್ರೆಡ್ ಕೊಂಡಿಡಿ.

ಒಬ್ಬರೇ ಹೋಗುವುದು

ಮೂರೂ ಕಡೆ ನಾನು ಒಬ್ಬಳೇ ಹೋದವಳು. ಮನುಷ್ಯರ ಭಯ ಎಲ್ಲೂ ಆಗಲಿಲ್ಲ. ಊರಿನ ಪಂಚಾಯಿತಿ ನಡೆಸುವ ಸಣ್ಣ ಕ್ಯಾಂಪಿಂಗ್ ಜಾಗಗಳಲ್ಲಿ ಗುಡಾರ ಹಾಕಿದೆ, ಬಿಸಿನೀರಿನ ಸ್ನಾನ ಸಿಕ್ಕಿತು. ಕೋಸ್ ಮೇಲೆ ಮತ್ತು ಕಮರಿಗಳ ಒಳಗೆ ಫೋನ್ ಸಿಗ್ನಲ್ ಹೋಗುತ್ತದೆ. ಅದಕ್ಕೆ ದಿನದ ದಾರಿಯನ್ನು ಬೆಳಿಗ್ಗೆಯೇ ಗೆಳತಿಗೆ ಕಳಿಸುತ್ತಿದ್ದೆ.

ಹೆದರಿದ್ದು ನಾಯಿಗೆ. ಈ ಭಾಗಕ್ಕೆ ತೋಳಗಳು ಮರಳಿ ಬಂದಿವೆ. ಹಾಗಾಗಿ ಕುರಿ ಹಿಂಡಿನ ಜೊತೆ ಪಾತು ಎಂಬ ದೊಡ್ಡ ಬಿಳಿ ನಾಯಿಗಳನ್ನು ಬಿಟ್ಟಿರುತ್ತಾರೆ. ಸೈಕಲ್ ಮೇಲೆ ವೇಗವಾಗಿ ಹೋದರೆ ಅಟ್ಟಿಸಿಕೊಂಡು ಬರುತ್ತವೆ. ಇಳಿಯಬೇಕು. ಸೈಕಲನ್ನು ನಾಯಿಗೂ ನಮಗೂ ನಡುವೆ ಇಟ್ಟುಕೊಂಡು, ಮೆತ್ತಗೆ ಮಾತಾಡುತ್ತಾ, ಹಿಂಡಿನಿಂದ ದೂರ ನಡೆಯಬೇಕು. ಕೋಲು ಎತ್ತಬಾರದು, ಕಲ್ಲು ಎಸೆಯಬಾರದು. ನಾನು ಕನ್ನಡದಲ್ಲೇ ಮಾತಾಡಿದೆ. ಅದು ಬಂದು ಮೂಸಿ ನೋಡಿ ವಾಪಸ್ ಹೋಯಿತು.

ಸೆಪ್ಟೆಂಬರಿನಿಂದ ಫೆಬ್ರುವರಿ ಕೊನೆಯವರೆಗೆ ಬೇಟೆಯ ಕಾಲ. ಸೊಮಾಯ್ ಕಾಡಿನಲ್ಲಿ ಕಾಡುಹಂದಿ ಬೇಟೆ ಜೋರು. ಕಿತ್ತಳೆ ಬಣ್ಣದ ಜಾಕೆಟ್ ಹಾಕಿ, "ಶಾಸ್ ಆಂ ಕೂರ್", ಅಂದರೆ ಬೇಟೆ ನಡೆಯುತ್ತಿದೆ ಎಂಬ ಫಲಕ ಕಂಡರೆ ಬೇರೆ ದಾರಿ ಹಿಡಿಯಿರಿ.

ನಕ್ಷೆಗೆ ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ನ 1:25,000 ನಕ್ಷೆಗಿಂತ ಒಳ್ಳೆಯದಿಲ್ಲ. ಕಪ್ಪು ಗೆರೆ ಕಡಿಯದೆ ಇದ್ದರೆ ಬಂಡಿ ದಾರಿ, ಸೈಕಲಿಗೆ ಸರಿ. ತುಂಡು ತುಂಡಾಗಿದ್ದರೆ ಕಾಲುದಾರಿ, ಹೊರುವ ಸಾಧ್ಯತೆ ಜಾಸ್ತಿ. ಜಿಟಿಎಂಸಿ ಎಂಬ ಗುರುತು ಹಾಕಿದ ಮೌಂಟನ್ ಬೈಕ್ ದಾರಿಯೂ ಈ ಪ್ರಾಂತದಲ್ಲಿ ಹೋಗುತ್ತದೆ, ಆವಲೋಂ ಊರಿನಿಂದ ಕಡಲಿನವರೆಗೆ ಸುಮಾರು 1,400 ಕಿ.ಮೀ. ಅದರ ಕೆಲವು ತುಣುಕುಗಳು ಗ್ರಾವೆಲ್ ಬೈಕಿಗೆ ತುಂಬಾ ಒರಟು. ಗುರುತು ಕಂಡ ಮಾತ್ರಕ್ಕೆ ನುಗ್ಗಬೇಡಿ, ನಕ್ಷೆಯಲ್ಲಿ ಇಳಿತದ ಗೆರೆಗಳನ್ನು ನೋಡಿ.

ಯಾರಿಗೆ ಯಾವುದು

ಮಕ್ಕಳ ಜೊತೆ ಬರುವವರು, ಮೊದಲ ಸಲ ಸಾಮಾನು ಕಟ್ಟಿಕೊಂಡು ಸೈಕಲ್ ಹೊರಡುವವರು ಕಣ್ಣು ಮುಚ್ಚಿ ಪಾಸಾ ಪಾಯಿಸ್ ಆರಿಸಿ. ಚೆರ್ರಿ ಹೂವಿಗೆ ಏಪ್ರಿಲ್, ಚೆಸ್ಟ್‌ನಟ್‌ಗೆ ಅಕ್ಟೋಬರ್. ಚರಿತ್ರೆ, ಕೋಟೆ, ಸಂಜೆಗೆ ಒಳ್ಳೆಯ ಊರು ಬೇಕೆನ್ನುವವರಿಗೆ ಕಾಲುವೆ. ಬೆಜಿಯೆ ಪಟ್ಟಣದ ಹತ್ತಿರ ದೋಣಿಗಳು ಮೆಟ್ಟಿಲು ಇಳಿಯುವ ಹಾಗೆ ಇಳಿಯುವ ಫೋನ್ಸೆರಾನ್ ಲಾಕ್ ಸಾಲನ್ನು ನೋಡಲಾದರೂ ಒಮ್ಮೆ ಹೋಗಬೇಕು. ಆದರೆ ಅದಕ್ಕೆ ಯಾವ ಸೈಕಲ್ ಆದರೂ ಆಗುತ್ತದೆ. ಗ್ರಾವೆಲ್ ಬೈಕ್ ಇಟ್ಟುಕೊಂಡು, ಆರೇಳು ತಿಂಗಳು ಬೆಟ್ಟ ಹತ್ತಿ ಕಾಲು ಗಟ್ಟಿ ಮಾಡಿಕೊಂಡವರು ಕಾಲುವೆಗೆ ದಿನ ಖರ್ಚು ಮಾಡಿದರೆ ನನಗೆ ಬೇಸರವಾಗುತ್ತದೆ. ಅವರು ಓಬ್ರಾಕ್ ಹತ್ತಬೇಕು. ಜೂನ್ ಅಥವಾ ಸೆಪ್ಟೆಂಬರಿನಲ್ಲಿ. ಏಪ್ರಿಲ್‌ವರೆಗೂ ಮೇಲೆ ಹಿಮ ಬೀಳಬಹುದು, ಜುಲೈ ಆಗಸ್ಟಿನಲ್ಲಿ ಕೋಸ್ ಕಾದ ಹೆಂಚು.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಎರಡನೇ ದಾರಿ ಮುಗಿಯುವ ಬೆದಾರಿಯ ಊರಿನಿಂದಲೇ ಮೂರನೇ ದಾರಿ ಶುರುವಾಗುವ ಓಮೋಂ-ಓಬ್ರಾಕ್‌ಗೆ ಒಂದೇ ರೈಲು ಮಾರ್ಗವಿದೆ. ಬೆಜಿಯೆಯಿಂದ ಬೆಟ್ಟ ಹತ್ತಿಕೊಂಡು ಹೋಗುವ ಹಳೇ ಮಾರ್ಗ. ದಿನಕ್ಕೆ ರೈಲುಗಳು ತೀರಾ ಕಮ್ಮಿ, ಸೈಕಲ್ ಇಡುವ ಜಾಗವೂ ಕಮ್ಮಿ, ಹಾಗಾಗಿ ಮೊದಲೇ ವೇಳೆ ನೋಡಿಕೊಳ್ಳಬೇಕು. ಕಿಟಕಿ ಪಕ್ಕ ಕೂತರೆ ಪ್ರಯಾಣವೇ ಒಂದು ಸುಖ.

ಅಕ್ಕನ ಮಗನಿಗೆ ಹೇಳಿದ್ದು ಇದೇ. ಟುಲೂಸಿನಿಂದ ಮಜಾಮೆಗೆ ರೈಲು. ಮೂರು ದಿನ ಪಾಸಾ ಪಾಯಿಸ್, ನಡುವೆ ವೆಜೋಲ್ ಏರು, ಕಾಲು ಈ ನೆಲಕ್ಕೆ ಒಗ್ಗಲಿ. ಬೆದಾರಿಯದಲ್ಲಿ ಒಂದು ರಾತ್ರಿ. ಮರುದಿನ ರೈಲಿನಲ್ಲಿ ಓಮೋಂ-ಓಬ್ರಾಕ್. ಅಲ್ಲಿಂದ ಐದು ದಿನ ಕೋಸ್ ದಾಟಿ ಮಿಯೋ. ಜೂನ್ ಎರಡನೇ ವಾರಕ್ಕೆ ಟಿಕೆಟ್ ಮಾಡಿದ್ದಾನೆ. "ಟೈರು 45 ಹಾಕ್ಸಿದೀನಿ ಚಿಕ್ಕಿ, ಇನ್ನೇನು ತರಲಿ?" ಅಂತ ನಿನ್ನೆ ಮೆಸೇಜ್ ಬಂತು. ಚಟ್ನಿಪುಡಿ ಎರಡು ಪ್ಯಾಕೆಟ್ ತಾ ಅಂದೆ, ದಪ್ಪ ಪ್ಯಾಕೆಟ್ಟಿನದ್ದೇ ನೋಡಿ ತಾ.